ನೀರಿನ ಟ್ಯಾಂಕಿನ ಮೇಲೆ ಕುಣಿದ ಹಸಿರು ಚುಕ್ಕಿ

ನಂಜನಗೂಡಿನ ದೊಡ್ಡ ಜಾತ್ರೆಯಿಂದ ಮೊಮ್ಮಗ ಈ ಸಲ ತಂದದ್ದು ಪೀಪಿಯಲ್ಲ, ಗಿರಗಿಟ್ಟಲೆಯಲ್ಲ. ಪೆನ್ನಿನಷ್ಟು ಉದ್ದದ ಒಂದು ಲೇಸರ್ ಟಾರ್ಚು. ಅಂಗಡಿಯವನು 200 ರೂಪಾಯಿ ಹೇಳಿದನಂತೆ, ಇವನು 120ಕ್ಕೆ ಇಳಿಸಿದನಂತೆ. ಏಳನೇ ತರಗತಿಯ ಹುಡುಗನಿಗೆ ಟಾರ್ಚಿಗಿಂತ ಆ ಚೌಕಾಸಿಯೇ ದೊಡ್ಡ ಸಾಧನೆ.

ರಾತ್ರಿ ಊಟವಾದದ್ದೇ ನನ್ನನ್ನು ತಾರಸಿಗೆ ಎಳೆದುಕೊಂಡು ಹೋದ. ನಮ್ಮ ಬಡಾವಣೆಯ ಅಂಚಿನಲ್ಲಿ ನೀರಿನ ದೊಡ್ಡ ಟ್ಯಾಂಕು ಇದೆ. ಮನೆಯಿಂದ 400 ಮೀಟರ್ ಆಗಬಹುದು. ಗುಂಡಿ ಒತ್ತಿದ. ಟ್ಯಾಂಕಿನ ಬಿಳಿ ಗೋಡೆಯ ಮೇಲೆ ಹಸಿರು ಚುಕ್ಕಿ ಬಿತ್ತು. ಬಿತ್ತು ಎನ್ನುವುದಕ್ಕಿಂತ ಕುಣಿಯಿತು ಎನ್ನಬೇಕು. ಒಮ್ಮೆ ಗೋಡೆಯ ಮೇಲೆ, ಒಮ್ಮೆ ಕಂಬದ ಮೇಲೆ, ಒಮ್ಮೆ ಎಲ್ಲೂ ಇಲ್ಲ. ಎರಡೂ ಕೈಯಲ್ಲಿ ಹಿಡಿದ, ಕೈಪಿಡಿ ಗೋಡೆಗೆ ಆನಿಸಿ ಹಿಡಿದ. ಚುಕ್ಕಿ ಮಾತ್ರ ನಿಲ್ಲಲೊಲ್ಲದು.

‘ತಾತ, ಗೇಮಲ್ಲಿ ಸೈನಿಕರು ಹಿಂಗೇ ಲೇಸರ್ ಬಿಟ್ಟು ತೋರಿಸ್ತಾರೆ, ಬಾಂಬು ಬಂದು ಕರೆಕ್ಟಾಗಿ ಅಲ್ಲೇ ಬೀಳುತ್ತೆ. ನಿಜವಾಗ್ಲೂ ಹಂಗೇನಾ? ಅವರ ಕೈ ನಡುಗಲ್ವಾ?’

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಒಳ್ಳೆಯ ಪ್ರಶ್ನೆ ಕೇಳಿದ ಹುಡುಗನನ್ನು ಅಷ್ಟು ಸುಲಭಕ್ಕೆ ಬಿಡುವ ಅಭ್ಯಾಸ ನನಗಿಲ್ಲ. ಅವನ ಎರಡನೆಯ ಪ್ರಶ್ನೆ, ಅಂದರೆ ಕೈ ನಡುಗಲ್ವಾ ಎಂಬುದು, ದೊಡ್ಡ ದೊಡ್ಡ ಎಂಜಿನಿಯರುಗಳು ಅರುವತ್ತು ವರ್ಷದಿಂದ ತಲೆ ಕೆಡಿಸಿಕೊಂಡಿರುವ ಪ್ರಶ್ನೆ. ಅಂದು ಹಬ್ಬಕ್ಕೆಂದು ನನ್ನ ತಮ್ಮನೂ ಮನೆಗೆ ಬಂದಿದ್ದ. ಅವನು ಫಿರಂಗಿ ದಳದಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದವನು. ಈಗ ಪಿರಿಯಾಪಟ್ಟಣದ ಹತ್ತಿರ ತಂಬಾಕು ಬಿಟ್ಟು ಶುಂಠಿ ಹಾಕಿದ್ದಾನೆ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿದ್ದ.

‘ನಡುಗೋದು ಕೈ ಅಲ್ಲ ಮರಿ, ಉಸಿರು. ಉಸಿರು ಹಿಡಿದರೆ ಎದೆಬಡಿತ’ ಎಂದ ಅಷ್ಟೇ.

ಲೆಕ್ಕ ನೋಡಿ. ಟಾರ್ಚಿನ ಉದ್ದ ಸುಮಾರು 20 ಸೆಂಟಿಮೀಟರ್ ಎಂದುಕೊಳ್ಳೋಣ. ಅದರ ತುದಿ ಬರೀ ಒಂದು ಮಿಲಿಮೀಟರ್ ಅಲುಗಿದರೆ 400 ಮೀಟರ್ ದೂರದ ಟ್ಯಾಂಕಿನ ಮೇಲೆ ಚುಕ್ಕಿ 2 ಮೀಟರ್ ಸರಿಯುತ್ತದೆ. ಅದೇ ಗುರಿ 5 ಕಿಲೋಮೀಟರ್ ಆಚೆಗಿದ್ದರೆ 25 ಮೀಟರ್. ಒಂದು ಮನೆಗೆ ಗುರಿಯಿಟ್ಟರೆ ಬೆಳಕು ಪಕ್ಕದ ಬೀದಿಯ ಮನೆಗೆ ಬಿದ್ದ ಹಾಗೆ. ಆಟದಲ್ಲಾದರೆ ನಗಬಹುದು. ಆ ಬೆಳಕನ್ನು ನಂಬಿ ಬಾಂಬೊಂದು ಇಳಿಯುತ್ತಿದ್ದರೆ?

ಲೇಸರ್ ಹುಟ್ಟಿದ್ದು 1960ರ ಮೇ 16ರಂದು. ಅಮೆರಿಕದ ಕ್ಯಾಲಿಫೋರ್ನಿಯಾದ ಹ್ಯೂಸ್ ಪ್ರಯೋಗಾಲಯದಲ್ಲಿ ಥಿಯೋಡರ್ ಮೈಮನ್ ಎಂಬ ವಿಜ್ಞಾನಿ ಬೆರಳಿನ ತುದಿಯಷ್ಟಿದ್ದ ಮಾಣಿಕ್ಯದ ಹರಳಿನ ಸುತ್ತ ಕ್ಯಾಮೆರಾದ ಫ್ಲ್ಯಾಶ್ ಥರದ ದೀಪ ಸುತ್ತಿ ಕೆಂಪು ಬೆಳಕಿನ ಮೊದಲ ಲೇಸರ್ ಹೊರಡಿಸಿದರು. ಪತ್ರಿಕೆಗಳು ಬಿಡುತ್ತವೆಯೇ? ‘ಸಾವಿನ ಕಿರಣ’ ಬಂತು ಎಂದು ದಪ್ಪಕ್ಷರದಲ್ಲಿ ಬರೆದವು. ಮೈಮನ್‌ಗೆ ಅದು ಕೊನೆಯವರೆಗೂ ಬೇಸರದ ವಿಷಯವಾಗಿತ್ತು. ನಿಜ ಹೇಳಬೇಕೆಂದರೆ ಸೈನ್ಯಕ್ಕೆ ಲೇಸರ್ ಮೊದಲು ಬೇಕಾದದ್ದು ಸುಡುವುದಕ್ಕಲ್ಲ, ಅಳೆಯುವುದಕ್ಕೆ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ, ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿ ಎಂದು ಗೊತ್ತಾಗುತ್ತದೆ ಅಲ್ಲವೇ? ಲೇಸರ್ ಅಳತೆಯೂ ಅಂಥದ್ದೇ. ಒಂದು ಚಿಟಿಕೆ ಬೆಳಕನ್ನು ಎದುರಿನ ಬೆಟ್ಟಕ್ಕೆ ಎಸೆಯುವುದು, ಅದು ತಾಗಿ ವಾಪಸು ಬರುವವರೆಗೆ ಎಣಿಸುವುದು. ಬೆಟ್ಟ 3 ಕಿಲೋಮೀಟರ್ ದೂರವಿದ್ದರೆ ಬೆಳಕು ಹೋಗಿ ಬರಲು ತೆಗೆದುಕೊಳ್ಳುವುದು ಒಂದು ಸೆಕೆಂಡಿನ 10 ಲಕ್ಷ ಪಾಲಿನಲ್ಲಿ 20 ಪಾಲು. ಬೆರಳು ಮಡಚಿ ಎಣಿಸಲಾಗದು, ಎಲೆಕ್ಟ್ರಾನಿಕ್ ಗಡಿಯಾರವೇ ಬೇಕು. ಒಂದು ಮೀಟರಿನಷ್ಟು ನಿಖರತೆ ಬೇಕೆಂದರೆ ಆ ಗಡಿಯಾರ ಸೆಕೆಂಡಿನ 100 ಕೋಟಿ ಪಾಲಿನಲ್ಲಿ ಆರೇಳು ಪಾಲನ್ನು ಗುರುತಿಸಬೇಕು.

ಗಡಿಯಾರ ಇದ್ದರೆ ಸಾಲದು, ಎಸೆಯುವ ಬೆಳಕೂ ಅಷ್ಟೇ ಚುರುಕಾಗಿರಬೇಕು. ಮೊದಲ ಲೇಸರುಗಳ ಬೆಳಕು ಹನಿಹನಿಯಾಗಿ, ಅಡ್ಡಾದಿಡ್ಡಿಯಾಗಿ ಸುರಿಯುತ್ತಿತ್ತು; ಎಲ್ಲಿಂದ ಎಣಿಸುವುದು, ಎಲ್ಲಿಗೆ ನಿಲ್ಲಿಸುವುದು? ಅದಕ್ಕೂ ಹ್ಯೂಸ್ ಪ್ರಯೋಗಾಲಯದ ಹೆಲ್‌ವರ್ತ್ ಮತ್ತು ಮೆಕ್ಲಂಗ್ ಎಂಬ ಇಬ್ಬರು ಬೇಗನೆ ಉಪಾಯ ಕಂಡುಹಿಡಿದರು. ಕನ್ನಂಬಾಡಿಯ ಗೇಟು ಹಾಕಿದರೆ ನೀರು ತುಂಬುತ್ತದೆ. ತುಂಬಿದ ಮೇಲೆ ಎಲ್ಲ ಗೇಟು ಒಮ್ಮೆಲೇ ಎತ್ತಿದರೆ? ಹಾಗೆಯೇ ಹರಳಿನೊಳಗೆ ಶಕ್ತಿ ತುಂಬುವವರೆಗೆ ಬೆಳಕಿನ ದಾರಿ ಮುಚ್ಚಿಟ್ಟು, ತುಂಬಿದ ಕ್ಷಣ ತೆರೆದುಬಿಡುವುದು. ಇವತ್ತು ಸೈನಿಕನೊಬ್ಬ ಹೊತ್ತು ತಿರುಗುವ ಲೇಸರ್ ಪೆಟ್ಟಿಗೆಯ ಒಂದು ಮಿಡಿತದಲ್ಲಿರುವ ಶಕ್ತಿ 100 ಗ್ರಾಂ ತೂಕದ ಬಾಳೆಹಣ್ಣನ್ನು ಹತ್ತಿರಹತ್ತಿರ ಎಂಟು ಸೆಂಟಿಮೀಟರ್ ಎತ್ತುವಷ್ಟು, ಅಷ್ಟೇ. ಆದರೆ ಅಷ್ಟೂ ಶಕ್ತಿ ಸೆಕೆಂಡಿನ ಐದು ಕೋಟಿಯಲ್ಲಿ ಒಂದು ಪಾಲಿನಲ್ಲಿ ನುಗ್ಗಿಬಿಡುವುದರಿಂದ ಆ ಕ್ಷಣಕ್ಕೆ ಅದರ ಜೋರು ಸುಮಾರು 40 ಲಕ್ಷ ವ್ಯಾಟ್! ಮೊಮ್ಮಗನ ಟಾರ್ಚು ಒಂದು ವ್ಯಾಟಿನ ಸಾವಿರದಲ್ಲಿ ಕೆಲವು ಪಾಲು ಬೆಳಕು ಕೊಟ್ಟರೆ ಹೆಚ್ಚು.

ಇನ್ನು ಅವನ ಮೊದಲ ಪ್ರಶ್ನೆ. ಬೆಳಕು ತೋರಿಸಿದಲ್ಲಿ ಬಾಂಬು ಬೀಳುವುದು ನಿಜವೇ? ನಿಜ. ಅದು ಶುರುವಾದದ್ದು ವಿಯೆಟ್ನಾಂ ಯುದ್ಧದಲ್ಲಿ. ಉತ್ತರ ವಿಯೆಟ್ನಾಮಿನಲ್ಲಿ ಮಾ ನದಿಗೆ ಅಡ್ಡಲಾಗಿ ಥಾನ್ ಹೋವಾ ಎಂಬ ಸೇತುವೆ ಇತ್ತು. ಅಲ್ಲಿನ ಜನ ಅದನ್ನು ಕರೆಯುತ್ತಿದ್ದದ್ದು ‘ಡ್ರ್ಯಾಗನ್ನಿನ ದವಡೆ’ ಎಂದು. 1965ರ ಏಪ್ರಿಲ್ 3ರಂದು ಅಮೆರಿಕದ ವಿಮಾನಗಳು ಮೊದಲ ಸಲ ಅದರ ಮೇಲೆರಗಿದವು. ಬಾಂಬುಗಳು ಸುತ್ತಲಿನ ನೆಲವನ್ನೆಲ್ಲ ಚಂದ್ರನ ಮೈಯಂತೆ ಗುಳಿ ಮಾಡಿದವು, ಸೇತುವೆ ಮಾತ್ರ ನಿಂತೇ ಇತ್ತು. ಏಳು ವರ್ಷ, ಎಂಟುನೂರಕ್ಕೂ ಹೆಚ್ಚು ಹಾರಾಟ, ಉರುಳಿದ ವಿಮಾನಗಳು, ಸತ್ತ ಮತ್ತು ಸೆರೆಯಾದ ಪೈಲಟ್‌ಗಳು. ಈಚೆ ನೆಲದ ಮೇಲೆ ಸತ್ತವರು ಬೇರೆ. ಕೊನೆಗೆ 1972ರ ಮೇ 13ರಂದು ಲೇಸರ್ ಬೆಳಕನ್ನು ಹಿಂಬಾಲಿಸುವ ಬಾಂಬುಗಳೊಂದಿಗೆ ಬಂದ 14 ಫ್ಯಾಂಟಮ್ ವಿಮಾನಗಳು ಅದರ ಪಶ್ಚಿಮದ ಭಾಗವನ್ನು ಕಂಬದಿಂದ ಕಿತ್ತು ಕೆಡವಿದವು.

ಆ ಬಾಂಬು ಹೊಸದೇನಲ್ಲ, ಹಳೆಯ ಬಾಂಬೇ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ವೆಲ್ಡನ್ ವರ್ಡ್ ಎಂಬ ಎಂಜಿನಿಯರ್ ಮತ್ತು ಅವರ ಸಂಗಡಿಗರು ಅದಕ್ಕೊಂದು ಕಣ್ಣು, ನಾಲ್ಕು ರೆಕ್ಕೆ ಜೋಡಿಸಿದರು. ಕಣ್ಣು ಎಂದರೆ ನಾಲ್ಕು ಮನೆಯ ಒಂದು ಚೌಕ, ಚೌಕಾಬಾರದ ಮಣೆಯ ನಡುಭಾಗ ನೆನೆಸಿಕೊಳ್ಳಿ. ಗುರಿಗೆ ತಾಗಿ ಚೆದುರಿದ ಲೇಸರ್ ಬೆಳಕು ಎಡಗಡೆಯ ಮನೆಗಳಿಗೆ ಹೆಚ್ಚು ಬಿದ್ದರೆ ರೆಕ್ಕೆ ಎಡಕ್ಕೆ ತಿರುಗಬೇಕು, ಬಲಗಡೆ ಹೆಚ್ಚಾದರೆ ಬಲಕ್ಕೆ. ಅದೂ ನಾಜೂಕಾಗಿ ಅಲ್ಲ. ಹೊಸದಾಗಿ ಎತ್ತಿನ ಗಾಡಿ ಹೊಡೆಯುವ ಹುಡುಗ ಹಗ್ಗ ಜಗ್ಗುವ ಹಾಗೆ, ಎಳೆದರೆ ಪೂರ್ತಿ ಎಳೆತ, ಇಲ್ಲದಿದ್ದರೆ ಇಲ್ಲ. ಅಷ್ಟು ಒರಟು ಉಪಾಯ ಕೆಲಸ ಮಾಡಿತು, ಅಗ್ಗವಾಗಿಯೂ ಇತ್ತು.

ಮೊಮ್ಮಗನಿಗೆ ತುಂಬ ಹಿಡಿಸಿದ್ದು ಇನ್ನೊಂದು ಸಂಗತಿ. 1968ರಲ್ಲಿ ಈ ಬಾಂಬುಗಳನ್ನು ಯುದ್ಧದಲ್ಲಿ ಮೊದಲು ಪರೀಕ್ಷಿಸಿದಾಗ ಬೆಳಕು ತೋರಿಸುತ್ತಿದ್ದದ್ದು ಹೇಗೆ ಗೊತ್ತೇ? ಫ್ಯಾಂಟಮ್ ವಿಮಾನದ ಹಿಂದಿನ ಸೀಟಿನಲ್ಲಿ ಕೂತವನ ಎಡಗಡೆಯ ಚೌಕಟ್ಟಿಗೆ ಲೇಸರ್ ಪೆಟ್ಟಿಗೆಯೊಂದನ್ನು ಸಿಕ್ಕಿಸಿದ್ದರು. ಪೈಲಟ್ ಗುರಿಯ ಸುತ್ತ ಎಡಕ್ಕೇ ವಾಲಿಕೊಂಡು ಪ್ರದಕ್ಷಿಣೆ ಹಾಕಬೇಕು, ಹಿಂದಿನವನು ದುರ್ಬೀನಿನಲ್ಲಿ ನೋಡುತ್ತ ಕೈಯಿಂದಲೇ ಪೆಟ್ಟಿಗೆಯನ್ನು ಗುರಿಯತ್ತ ಹಿಡಿದಿರಬೇಕು. ಬಾಂಬು ಹಾಕುವುದು ಇನ್ನೊಂದು ವಿಮಾನ. ‘ಅಂದರೆ ನನ್ನ ಥರಾನೇ!’ ಎಂದು ಹುಡುಗ ಎದ್ದು ನಿಂತ. ಹೌದು, ಅವನ ಥರವೇ. ಆದರೆ ಕೆಳಗಿನಿಂದ ಗುಂಡು ಹಾರುತ್ತಿರುವಾಗ.

ಅದೇ ಪೆಟ್ಟಿಗೆ ವಿಮಾನದಿಂದ ಇಳಿದು ನೆಲದ ಸೈನಿಕನ ಬೆನ್ನಿಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಹಗುರವಾಗಲು ಮಾತ್ರ ಬಹಳ ಕಾಲ ಹಿಡಿಯಿತು. ಅಮೆರಿಕದ ಮರೀನ್ ಸೈನಿಕರು ಎಂಬತ್ತರ ದಶಕದಲ್ಲಿ ಹೊರುತ್ತಿದ್ದ ಸಲಕರಣೆಯ ಹೆಸರು ‘ಮ್ಯೂಲ್’. ಉದ್ದದ ಇಂಗ್ಲಿಷ್ ಹೆಸರೊಂದರ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು. ಮ್ಯೂಲ್ ಎಂದರೆ ಹೇಸರಗತ್ತೆ. ಸುಮಾರು 17 ಕೆ.ಜಿ. ತೂಕ. ಹೊತ್ತವನು ಗತ್ತೆಯಾಗುತ್ತಿದ್ದ ಎನ್ನುವುದೇ ಸರಿ. ಆಮೇಲೆ ಬಂದ ‘ಸೋಫ್ಲ್ಯಾಮ್’ ಐದು ಕೆ.ಜಿ.ಯ ಆಸುಪಾಸಿಗೆ ಇಳಿಯಿತು.

ಇಷ್ಟು ತೂಕ ಯಾಕೆ? ಬೆಳಕಿಗೆ ತೂಕವಿಲ್ಲ, ಬೆಳಕು ಮಾಡುವುದಕ್ಕಿದೆ. ಈ ಲೇಸರುಗಳ ಹೃದಯ ನಿಯೋಡಿಮಿಯಂ ಬೆರೆಸಿದ ‘ಯಾಗ್’ ಎಂಬ ಹರಳು; 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಹಿಂದೆ ಅದಕ್ಕೆ ಶಕ್ತಿ ತುಂಬಲು ಫ್ಲ್ಯಾಶ್ ದೀಪ ಉರಿಸುತ್ತಿದ್ದರು. ಬ್ಯಾಟರಿಯಿಂದ 100 ರೂಪಾಯಿಯಷ್ಟು ವಿದ್ಯುತ್ ಖರ್ಚಾದರೆ ಲೇಸರ್ ಆಗಿ ಹೊರಬರುತ್ತಿದ್ದದ್ದು ಒಂದೆರಡು ರೂಪಾಯಿಯಷ್ಟು. ಮಿಕ್ಕದ್ದೆಲ್ಲ ಕಾವು. ಆ ಕಾವನ್ನು ಹೊರಹಾಕಲು ಏರ್ಪಾಡು, ಆ ದುಂದಿಗೆ ತಕ್ಕ ಬ್ಯಾಟರಿ, ಎಲ್ಲಕ್ಕೂ ಗಟ್ಟಿ ಪೆಟ್ಟಿಗೆ. ನಮ್ಮ ಮನೆಗಳಲ್ಲಿ ಹಳೆಯ ಬುರುಡೆ ಬಲ್ಬು ಹೋಗಿ ಎಲ್‌ಇಡಿ ಬಂತಲ್ಲ, ಅದೇ ಕಥೆ ಇಲ್ಲೂ ನಡೆಯಿತು. ಫ್ಲ್ಯಾಶ್ ದೀಪದ ಜಾಗಕ್ಕೆ ಡಯೋಡ್‌ಗಳು ಬಂದವು. ಹರಳು ಯಾವ ಬಣ್ಣದ ಬೆಳಕನ್ನು ಹೀರುತ್ತದೋ ಅದನ್ನಷ್ಟೇ ಅವು ಕೊಡುವುದರಿಂದ ದುಂದು ತಗ್ಗಿತು, ಬ್ಯಾಟರಿ ಚಿಕ್ಕದಾಯಿತು.

ತೂಕ ಇಳಿದಂತೆ ನಡುಕ ಹೆಚ್ಚುತ್ತದೆ ಎಂಬುದು ಇನ್ನೊಂದು ತಮಾಷೆ. ಭಾರದ ಪೆಟ್ಟಿಗೆ ನೆಲಕ್ಕೆ ಕಚ್ಚಿ ಕೂರುತ್ತದೆ. ಹಗುರದ್ದು ಗಾಳಿಗೂ ಅಲ್ಲಾಡುತ್ತದೆ. ಹಾಗಾಗಿ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದರೂ ದೂರದ ಗುರಿಗೆ ಮುಕ್ಕಾಲಿ ಬೇಕೇ ಬೇಕು. ಬೆಳಕು ಹೋಗುತ್ತ ಹೋಗುತ್ತ ಅಗಲವಾಗುವುದು ಬೇರೆ. ಮೊಮ್ಮಗನ ಟಾರ್ಚಿನ ಬೆಳಕು ಟ್ಯಾಂಕು ತಲುಪುವಷ್ಟರಲ್ಲಿ ಊಟದ ಹರಿವಾಣದಷ್ಟು ಅಗಲವಾಗಿತ್ತು. ಒಳ್ಳೆಯ ಮಸೂರಗಳಿಂದ ಬಿಗಿ ಮಾಡಿದ ಸೈನ್ಯದ ಕಿರಣ ಕೂಡ 5 ಕಿಲೋಮೀಟರ್ ದೂರಕ್ಕೆ ಒಂದೂವರೆ ಮೀಟರ್ ಹರಡಬಹುದು. ನಡುವೆ ಮಂಜು ಬಂದರೆ, ಹೊಗೆ ಎದ್ದರೆ, ಧೂಳು ಕವಿದರೆ ಮುಗಿಯಿತು. ಮಟಮಟ ಮಧ್ಯಾಹ್ನ ಡಾಂಬರು ರಸ್ತೆಯ ಮೇಲೆ ಗಾಳಿ ಕುದಿಯುವುದನ್ನು ನೋಡಿದ್ದೀರಲ್ಲ? ಆ ಬಿಸಿಲುಗುದುರೆ ಲೇಸರ್ ಕಿರಣವನ್ನೂ ಅಲ್ಲಾಡಿಸುತ್ತದೆ.

ಒಂದೇ ಕಣಿವೆಯಲ್ಲಿ ಇಬ್ಬರು ಸೈನಿಕರು ಎರಡು ಗುರಿಗೆ ಬೆಳಕು ತೋರಿಸಿದರೆ ಬಾಂಬಿಗೆ ತನ್ನದು ಯಾವುದೆಂದು ತಿಳಿಯುವುದು ಹೇಗೆ? ಹಸುಗಳ ಕೊರಳಿಗೆ ಬೇರೆ ಬೇರೆ ಗಂಟೆ ಕಟ್ಟುವ ಹಾಗೆ. ಲೇಸರ್ ಸೆಕೆಂಡಿಗೆ ಹತ್ತಿಪ್ಪತ್ತು ಸಲ ಮಿಡಿಯುತ್ತದೆ, ಆ ಮಿಡಿತದ ಲಯ ಪ್ರತಿಯೊಂದು ಪೆಟ್ಟಿಗೆಗೂ ಬೇರೆ. ಬಾಂಬಿಗೆ ಮೊದಲೇ ಆ ಲಯ ಹೇಳಿಕೊಟ್ಟಿರುತ್ತಾರೆ. ಇನ್ನೊಂದು ಅಪಾಯವೂ ಇದೆ. ಬೆಳಕು ಹಿಡಿದವನ ಮುಂದಿನ ಹುಲ್ಲಿಗೋ ಪೊದೆಗೋ ಕಿರಣ ತಾಗಿ ಚೆದುರಿದರೆ ಬಾಂಬಿನ ಕಣ್ಣಿಗೆ ಗುರಿ ಕಾಣುವುದಕ್ಕಿಂತ ಮೊದಲು ಹುಲ್ಲೇ ಕಾಣಬಹುದು. ಆದ್ದರಿಂದ ಬಾಂಬು ಯಾವ ದಿಕ್ಕಿನಿಂದ ಬರಬೇಕು, ಬೆಳಕು ಹಿಡಿದವನು ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ. ಬಾಂಬು ಬೀಳುವ ತನಕ ಅವನು ಜಾಗ ಬಿಟ್ಟು ಕದಲುವಂತಿಲ್ಲ. ಅವನಿಗೆ ಗುರಿ ಕಾಣುತ್ತದೆ ಎಂದರೆ ಗುರಿಗೆ ಅವನೂ ಕಾಣುತ್ತಾನೆ.

‘ಚಿಕ್ಕತಾತ, ನೀವು ಹಿಡಿದಿದ್ರಾ?’ ಎಂದು ಹುಡುಗ ತಮ್ಮನ ಕಡೆ ತಿರುಗಿದ.

‘ಬಾಂಬು ಕರೆಯೋದು ನಮ್ಮ ಹತ್ರ ಇರಲಿಲ್ಲಪ್ಪ. ಅದು ಮೇಲೆ ವಿಮಾನದಲ್ಲಿತ್ತು. ನಮ್ಮ ಹತ್ರ ಇದ್ದಿದ್ದು ದೂರ ಅಳೆಯೋದು.’

1999ರಲ್ಲಿ ಅವನು ದ್ರಾಸ್ ಕಡೆಗಿದ್ದ. ಬೊಫೋರ್ಸ್ ತೋಪುಗಳು ಹಿಂದೆ ಕಣಿವೆಯಲ್ಲಿ. ಅವಕ್ಕೆ ಗುರಿ ಕಾಣುವುದಿಲ್ಲ. ಗುಂಡು ಎಲ್ಲಿ ಬಿತ್ತೆಂದು ನೋಡಿ ಹೇಳಲು ಒಬ್ಬ ಅಧಿಕಾರಿ ಮುಂದೆ ಬೆಟ್ಟ ಹತ್ತುತ್ತಾರೆ. ಅವರ ಜೊತೆ ರೇಡಿಯೋ ಹೊರುವವನು ನನ್ನ ತಮ್ಮ. ದೂರ ತಪ್ಪಿದರೆ ‘ಇನ್ನೂರು ಸೇರಿಸಿ, ಐವತ್ತು ಬಲಕ್ಕೆ’ ಎಂದು ತಿದ್ದುತ್ತ ಹೋಗಬೇಕು. ತಿದ್ದುವಷ್ಟು ಹೊತ್ತಿಗೆ ಎದುರಿನವರು ಬಂಕರಿನೊಳಗೆ ಸೇರಿಬಿಡುತ್ತಾರೆ. ಲೇಸರ್ ಅಳತೆ ಇದ್ದರೆ ಮೊದಲ ಗುಂಡೇ ಹತ್ತಿರ ಬೀಳುತ್ತದೆ. ‘ಆದರೆ ಆ ಚಳಿಗೆ ಬ್ಯಾಟರಿ ಸತ್ತೇ ಹೋಗೋದು. ಅಂಗಿಯೊಳಗೆ, ಎದೆಗೆ ಒತ್ತಿಕೊಂಡು ಮಲಗ್ತಿದ್ದೆ. ಮಗು ಮಲಗಿಸಿಕೊಂಡ ಹಾಗೆ’ ಎಂದ.

ಆ ಯುದ್ಧದಲ್ಲೇ ನಮ್ಮ ವಾಯುಪಡೆ ಮೊದಲ ಬಾರಿ ಲೇಸರ್ ಬಾಂಬು ಹಾಕಿದ್ದು. ಫ್ರಾನ್ಸಿನ ಮಿರಾಜ್ 2000 ವಿಮಾನಕ್ಕೆ ಇಸ್ರೇಲಿನ ‘ಲೈಟನಿಂಗ್’ ಎಂಬ ಗುರಿ ತೋರುವ ಕೊಳವೆಯನ್ನೂ ಪೇವ್‌ವೇ ಸಲಕರಣೆ ತೊಟ್ಟ ಬಾಂಬನ್ನೂ ಹೊಂದಿಸುವ ಕೆಲಸವನ್ನು ಯುದ್ಧ ನಡೆಯುತ್ತಿರುವಾಗಲೇ ಮಾಡಿ ಮುಗಿಸಬೇಕಾಯಿತು. ಪೋಖ್ರಾನ್ ಪರೀಕ್ಷೆ ನಡೆದು ವರ್ಷವಾಗಿತ್ತಷ್ಟೇ, ಅಮೆರಿಕದ ನಿರ್ಬಂಧ ಬೇರೆ ಇತ್ತು. ಜೂನ್ 24ರಂದು ಟೈಗರ್ ಹಿಲ್ ಮೇಲೆ ಮಿರಾಜ್‌ಗಳು ದಾಳಿ ಮಾಡಿದವು. ವಾಯುಪಡೆಯ ಅಂದಿನ ಮುಖ್ಯಸ್ಥ ಎ.ವೈ. ಟಿಪ್ಣಿಸ್ ಅವರೇ ಇನ್ನೊಂದು ವಿಮಾನದಲ್ಲಿ ಕೂತು ಅದನ್ನು ನೋಡಿದರು. ಇಡೀ ಯುದ್ಧದಲ್ಲಿ ಬಳಸಿದ ಲೇಸರ್ ಬಾಂಬುಗಳು ಬೆರಳೆಣಿಕೆಯಷ್ಟು. ಬೆಟ್ಟವನ್ನು ಕೈವಶ ಮಾಡಿಕೊಂಡದ್ದು ಹಗ್ಗ ಹಿಡಿದು ಹತ್ತಿದ ಹುಡುಗರೇ, ಅದನ್ನು ಮರೆಯುವ ಹಾಗಿಲ್ಲ.

ಪರದೇಶದ ಬಾಗಿಲು ತಟ್ಟುವ ಕಷ್ಟ ಕಂಡಮೇಲೆ ಇಲ್ಲೂ ಕೆಲಸ ಬಿರುಸಾಯಿತು. ಡಿಆರ್‌ಡಿಒಗೆ ಸೇರಿದ ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್ ‘ಸುದರ್ಶನ’ ಎಂಬ ಲೇಸರ್ ಬಾಂಬಿನ ಸಲಕರಣೆ ರೂಪಿಸಿತು; 2010ರಲ್ಲಿ ಒಡಿಶಾದ ಚಾಂದಿಪುರದಲ್ಲಿ ಅದರ ಪರೀಕ್ಷೆಗಳು ನಡೆದವು. ಲೇಸರ್ ಮತ್ತು ದುರ್ಬೀನುಗಳ ಕೆಲಸ ಡೆಹ್ರಾಡೂನಿನ ಐಆರ್‌ಡಿಇ ಪ್ರಯೋಗಾಲಯದ್ದು. 2020ರ ಸೆಪ್ಟೆಂಬರಿನಲ್ಲಿ ಅಹ್ಮದ್‌ನಗರದ ಮೈದಾನದಲ್ಲಿ ಅರ್ಜುನ್ ಟ್ಯಾಂಕಿನಿಂದ ಹಾರಿಸಿದ ಕ್ಷಿಪಣಿಯೊಂದು ಲೇಸರ್ ಬೆಳಕು ಹಿಡಿದುಕೊಂಡು 3 ಕಿಲೋಮೀಟರ್ ದೂರದ ಗುರಿಗೆ ತಾಗಿತು.

ಈಗಿನ ಸಲಕರಣೆಗಳಿಗೆ ಇನ್ನೊಂದು ವಿದ್ಯೆ ಬಂದಿದೆ. ದೂರ ಲೇಸರಿನಿಂದ ಗೊತ್ತಾಗುತ್ತದೆ, ದಿಕ್ಕು ದಿಕ್ಸೂಚಿಯಿಂದ, ತಾನು ಎಲ್ಲಿದ್ದೇನೆಂಬುದು ಉಪಗ್ರಹದಿಂದ. ಮೂರನ್ನೂ ಕೂಡಿಸಿದರೆ ಗುರಿ ಇರುವ ಜಾಗದ ಅಕ್ಷಾಂಶ ರೇಖಾಂಶ ಸಿಗುತ್ತದೆ. ಅದನ್ನು ವಿಮಾನಕ್ಕೆ ಹೇಳಿದರೆ ಸಾಕು, ಬೆಳಕು ಹಿಡಿದು ಕಾಯಬೇಕಿಲ್ಲ. 2001ರಲ್ಲಿ ಅಫ್ಘಾನಿಸ್ತಾನದಲ್ಲಿ ಕುದುರೆ ಏರಿ ಬೆಟ್ಟ ಸುತ್ತಿದ ಅಮೆರಿಕದ ಸೈನಿಕರು ಇಂಥವನ್ನು ಹೊತ್ತಿದ್ದರು. ಕುದುರೆಯ ಮೇಲೆ ಲೇಸರ್! ಆದರೆ ಇಲ್ಲಿ ದಿಕ್ಸೂಚಿಯೇ ಬಡವ. ಒಂದೇ ಒಂದು ಡಿಗ್ರಿ ತಪ್ಪಿದರೆ 5 ಕಿಲೋಮೀಟರಿಗೆ 87 ಮೀಟರ್ ತಪ್ಪುತ್ತದೆ, ಪಕ್ಕದಲ್ಲಿ ಇರಿಸಿದ ಬಂದೂಕಿನ ಕಬ್ಬಿಣವೇ ಅದನ್ನು ತಪ್ಪಿಸಬಲ್ಲದು.

ಅದಕ್ಕಿಂತ ಘೋರವಾದದ್ದು ಒಂದಿದೆ. ಅದೇ ವರ್ಷ ಡಿಸೆಂಬರ್ 5ರಂದು ಕಂದಹಾರದ ಹತ್ತಿರ ಸೈನಿಕನೊಬ್ಬ ಗುರಿಯ ಜಾಗವನ್ನು ಲೆಕ್ಕ ಹಾಕಿದ. ಅಷ್ಟರಲ್ಲಿ ಬ್ಯಾಟರಿ ಮುಗಿಯಿತು. ಬದಲಿಸಿ ಹಾಕಿದ. ಸಲಕರಣೆ ಮತ್ತೆ ಶುರುವಾದಾಗ ತೋರಿಸಿದ್ದು ಗುರಿಯ ಜಾಗವನ್ನಲ್ಲ, ಅದು ತಾನೇ ಇದ್ದ ಜಾಗವನ್ನು. ಹಾಗೆಂದೇ ರೂಪಿಸಿದ್ದರು ಅದನ್ನು. ಆ ಗಡಿಬಿಡಿಯಲ್ಲಿ ಅವನಿಗೆ ಹೊಳೆಯಲಿಲ್ಲ, ಅದೇ ಅಂಕಿಯನ್ನು ವಿಮಾನಕ್ಕೆ ಹೇಳಿದ. ಬಾಂಬು ಕರಾರುವಾಕ್ಕಾಗಿ, ಹೇಳಿದ ಜಾಗಕ್ಕೇ ಬಂದು ಬಿತ್ತು. ಅಮೆರಿಕದ ಮೂವರು ಸೈನಿಕರೂ ಜೊತೆಗಿದ್ದ ಹಲವು ಅಫ್ಘನ್ನರೂ ಸತ್ತರು. ಮುಂದೆ ಆ ದೇಶದ ಅಧ್ಯಕ್ಷರಾದ ಹಮೀದ್ ಕರ್ಜಾಯ್ ಅಲ್ಲೇ ಇದ್ದರು, ಸಣ್ಣ ಗಾಯದೊಂದಿಗೆ ಉಳಿದರು.

ಇದನ್ನು ಹೇಳಿ ಮುಗಿಸುವಾಗ ಮೆಟ್ಟಿಲ ಮೇಲೆ ಗೆಜ್ಜೆಯ ಸದ್ದು. ನಾಲ್ಕು ವರ್ಷದ ಮೊಮ್ಮಗಳು ಅಣ್ಣನನ್ನು ಹುಡುಕಿಕೊಂಡು ಬಂದಳು. ಹುಡುಗ ತಮಾಷೆಗೆ ಟಾರ್ಚು ಅವಳತ್ತ ತಿರುಗಿಸಿದ. ಅವಳ ಲಂಗದ ಮೇಲೆ ಹಸಿರು ಚುಕ್ಕಿ ಬಿತ್ತು, ಎದೆಗೆ ಬಂತು, ಮುಖದ ಕಡೆಗೆ ಏರತೊಡಗಿತು. ತಮ್ಮ ಕುರ್ಚಿಯಿಂದ ಎದ್ದದ್ದು ನನಗೆ ಕಾಣಲೇ ಇಲ್ಲ. ಅವನ ಅಂಗೈ ಟಾರ್ಚಿನ ಬಾಯಿ ಮುಚ್ಚಿತ್ತು. ಹುಡುಗ ಬೆದರಿದ; ಚಿಕ್ಕತಾತ ಇದುವರೆಗೆ ಅವನಿಗೆ ಗದರಿದವನೇ ಅಲ್ಲ. ಅಂದೂ ಗದರಲಿಲ್ಲ. ಟಾರ್ಚು ಕಿತ್ತುಕೊಂಡು, ಪಕ್ಕಕ್ಕೆ ಕೂರಿಸಿಕೊಂಡು, ತನ್ನ ಬಲಗಣ್ಣು ತೋರಿಸಿದ.

ಅವನ ಬಲಗಣ್ಣಿಗೆ ಡ್ಯೂಟಿಯಲ್ಲಿ ಪೆಟ್ಟಾಗಿದೆ ಎಂದಷ್ಟೇ ನಮಗೆಲ್ಲ ಗೊತ್ತಿದ್ದದ್ದು. ಪತ್ರಿಕೆಯನ್ನು ಕೊಂಚ ಓರೆ ಹಿಡಿದು ಓದುತ್ತಾನೆ, ಅಭ್ಯಾಸ ಎಂದುಕೊಂಡಿದ್ದೆ. ಕಾರ್ಗಿಲ್‌ನಿಂದ ಬಂದು ನಾಲ್ಕು ವರ್ಷದ ಮೇಲೆ, ಒಂದು ಅಭ್ಯಾಸದ ದಿನ, ಬೆವರು ಎಂದು ರಕ್ಷಣೆಯ ಕನ್ನಡಕ ತೆಗೆದು ಹಣೆಗೇರಿಸಿದ್ದನಂತೆ. ಎದುರಿನ ದಿಬ್ಬದಲ್ಲಿ ಏನು ನಡೆಯುತ್ತಿದೆ ಎಂದು ಬೈನಾಕ್ಯುಲರ್ ಎತ್ತಿದ. ಅದೇ ಹೊತ್ತಿಗೆ ಆ ದಿಬ್ಬದಿಂದ ಯಾರೋ ಈ ಕಡೆಗೆ ದೂರ ಅಳೆಯುತ್ತಿದ್ದರು. ‘ನೋವೇ ಇಲ್ಲ ಅಣ್ಣ. ಕಣ್ಣೊಳಗೆ ಯಾರೋ ಚಿಟಿಕೆ ಹೊಡೆದ ಹಾಗೆ ಒಂದು ಸದ್ದು. ಆಮೇಲೆ ಎಲ್ಲಿ ನೋಡಿದರೂ ನಡುವೆ ಒಂದು ರೂಪಾಯಿ ನಾಣ್ಯದಷ್ಟು ಕಪ್ಪು. ಯಾರನ್ನೂ ಬೈಯೋ ಹಾಗಿಲ್ಲ, ಕನ್ನಡಕ ತೆಗೆದವನು ನಾನೇ.’ ಇಪ್ಪತ್ತು ವರ್ಷ ಕಳೆದ ಮೇಲೆ ಮೊದಲ ಸಲ ನನಗೂ ಇದು ಗೊತ್ತಾಯಿತು.

ಹಾಗಾಗುವುದಕ್ಕೆ ಕಾರಣ ಇದೆ. ಯಾಗ್ ಹರಳಿನ ಬೆಳಕಿನ ತರಂಗದ ಉದ್ದ 1064 ನ್ಯಾನೋಮೀಟರ್. ನಮಗೆ ಕಾಣುವ ಕೆಂಪಿನಿಂದಲೂ ಆಚೆಗಿನದು, ಕಣ್ಣಿಗೆ ಕಾಣುವುದಿಲ್ಲ. ಜೋರು ಬೆಳಕು ಬಿದ್ದರೆ ನಾವು ಕಣ್ಣು ಮುಚ್ಚುತ್ತೇವೆ. ಕಾಣದ ಬೆಳಕಿಗೆ ರೆಪ್ಪೆ ಹೇಗೆ ಮುಚ್ಚೀತು? ಆದರೂ ಕಣ್ಣಿನ ಮುಂಭಾಗ ಅದನ್ನು ತಡೆಯದೆ ಒಳಗೆ ಬಿಡುತ್ತದೆ. ಮಸೂರ ಅದನ್ನು ಕೂಡಿಸಿ ಅಕ್ಷಿಪಟಲದ ಮೇಲೆ ಒಂದು ಸೂಜಿಮೊನೆಯಷ್ಟು ಜಾಗಕ್ಕೆ, ಲಕ್ಷಪಟ್ಟು ಸಾಂದ್ರವಾಗಿ ಇಳಿಸುತ್ತದೆ. ಅಲ್ಲಿ ನೋವಿನ ನರಗಳಿಲ್ಲ. ಬೈನಾಕ್ಯುಲರ್ ಹಿಡಿದಿದ್ದರೆ ಅದು ಇನ್ನಷ್ಟು ಬೆಳಕನ್ನು ಬಾಚಿಕೊಡುತ್ತದೆ.

ದೂರ ಅಳೆಯಲು ಈಗ ಬಹುಮಟ್ಟಿಗೆ 1500 ನ್ಯಾನೋಮೀಟರ್ ಆಸುಪಾಸಿನ ಬೆಳಕು ಬಳಸುತ್ತಾರೆ. ಅದನ್ನು ಕಣ್ಣಿನ ಮುಂಭಾಗದ ನೀರಿನಂಶವೇ ಹೀರಿಕೊಳ್ಳುವುದರಿಂದ ಅಕ್ಷಿಪಟಲ ಉಳಿಯುತ್ತದೆ. ಗುರಿ ತೋರುವ ಲೇಸರನ್ನೂ ಹಾಗೇ ಬದಲಿಸಬಾರದೇ ಎಂದರೆ, ಜಗತ್ತಿನ ಲೇಸರ್ ಬಾಂಬುಗಳ ಕಣ್ಣುಗಳನ್ನೆಲ್ಲ 1064ಕ್ಕೇ ಹೊಂದಿಸಿ ಇಟ್ಟಿದ್ದಾರೆ. ಬೀಗ ಹಾಗೆ ಇರುವ ತನಕ ಬೀಗದ ಕೈ ಬದಲಾಗದು. ಹಾಗಾಗಿ ಒಂದೇ ಪೆಟ್ಟಿಗೆಯಲ್ಲಿ ಎರಡು ಬೆಳಕು, ಅಳೆಯಲು ಒಂದು, ತೋರಿಸಲು ಒಂದು.

1995ರಲ್ಲಿ ವಿಯೆನ್ನಾದಲ್ಲಿ ದೇಶಗಳೆಲ್ಲ ಸೇರಿ, ಶಾಶ್ವತವಾಗಿ ಕುರುಡು ಮಾಡಲೆಂದೇ ರೂಪಿಸಿದ ಲೇಸರ್ ಆಯುಧಗಳನ್ನು ನಿಷೇಧಿಸುವ ಒಪ್ಪಂದ ಮಾಡಿಕೊಂಡವು. ಭಾರತವೂ ಅದಕ್ಕೆ ಸೇರಿದೆ. ಯುದ್ಧದಲ್ಲಿ ಶತ್ರುವನ್ನು ಕೊಲ್ಲಬಹುದು, ಕುರುಡು ಮಾಡಬಾರದು ಎಂಬ ಮಾತು ವಿಚಿತ್ರವೆನಿಸಬಹುದು. ತಮ್ಮನ ಕಣ್ಣಿನ ಕಥೆ ಕೇಳಿದ ಮೇಲೆ ನನಗೆ ಅಷ್ಟು ವಿಚಿತ್ರವೆನಿಸಲಿಲ್ಲ. ಆದರೆ ದೂರ ಅಳೆಯುವ, ಗುರಿ ತೋರುವ ಲೇಸರಿಗೆ ಆ ನಿಷೇಧ ತಾಗುವುದಿಲ್ಲ, ಎಚ್ಚರಿಕೆ ವಹಿಸಬೇಕು ಎಂದಷ್ಟೇ ಇದೆ.

ಜಾತ್ರೆಯ ಟಾರ್ಚಿಗೂ ಇದಕ್ಕೂ ಏನು ಸಂಬಂಧ ಎನ್ನುತ್ತೀರಾ? ಹಸಿರು ಲೇಸರ್ ಟಾರ್ಚಿನೊಳಗೂ ಸಾಮಾನ್ಯವಾಗಿ ಇರುವುದು ನಿಯೋಡಿಮಿಯಂ ಹರಳೇ, ಯುದ್ಧದ ಹರಳಿನ ದಾಯಾದಿ. ಅದು ಮೊದಲು ಹೊರಡಿಸುವುದೂ ಅದೇ ಕಾಣದ 1064ರ ಬೆಳಕನ್ನು. ಇನ್ನೊಂದು ಹರಳು ಅದನ್ನು ಅರ್ಧಕ್ಕೆ, ಅಂದರೆ 532ಕ್ಕೆ ಇಳಿಸಿದಾಗ ಹಸಿರು ಕಾಣುತ್ತದೆ. ಉಳಿದ ಕಾಣದ ಬೆಳಕನ್ನು ತಡೆಯಲು ಒಂದು ಸೋಸುಗಾಜು ಇರಬೇಕು. ಅಗ್ಗದ ಟಾರ್ಚುಗಳಲ್ಲಿ ಕೆಲವೊಮ್ಮೆ ಆ ಗಾಜೇ ಇರುವುದಿಲ್ಲ. ಮೇಲಿನ ಚೀಟಿಯಲ್ಲಿ ಬರೆದ ಶಕ್ತಿಗೂ ಒಳಗಿನ ಶಕ್ತಿಗೂ ತಾಳೆಯಾಗಬೇಕೆಂಬ ನಿಯಮ ಜಾತ್ರೆಯಲ್ಲಿ ಯಾರು ನೋಡುತ್ತಾರೆ? ಗಾಡಿ ಓಡಿಸುವವರ ಮೇಲೆ, ಇಳಿಯುತ್ತಿರುವ ವಿಮಾನದ ಮೇಲೆ ಇದನ್ನು ಬಿಡುವ ಹುಡುಗರೂ ಇದ್ದಾರೆ. ವಿಮಾನಕ್ಕೆ ಬಿಡುವುದು ಕಾನೂನಿನ ಪ್ರಕಾರ ಅಪರಾಧ.

ಹುಡುಗ ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಕಣ್ಣು ಅಗಲಿಸಿ ನೋಡುತ್ತಿದ್ದ. ‘ಬೆರಳು ತೋರಿಸ್ತೀನಿ, ಎಷ್ಟು ಹೇಳು’ ಎಂದು ಮತ್ತೆ ಮತ್ತೆ ಕೇಳಿದ. ಮೂರು ಎಂದಳು, ಅವನು ತೋರಿಸಿದ್ದೂ ಮೂರೇ. ಅವಳು ಕೆಳಗೆ ಹೋದ ಮೇಲೆ ತಮ್ಮ ಎರಡು ಇಟ್ಟಿಗೆ ತರಿಸಿದ. ಟಾರ್ಚನ್ನು ಅವುಗಳ ನಡುವೆ ಮಲಗಿಸಿ, ಸಂದಿಗೆ ಮಡಚಿದ ಕಾಗದ ತುರುಕಿ, ಗುಂಡಿಗೆ ರಬ್ಬರ್ ಬ್ಯಾಂಡ್ ಸುತ್ತಿದ. ಎಡಗಣ್ಣಿನಿಂದ ನೋಡುತ್ತ ‘ಸ್ವಲ್ಪ ಬಲಕ್ಕೆ, ಇನ್ನೊಂದು ಕೂದಲು’ ಎಂದು ಹುಡುಗನಿಂದ ಇಟ್ಟಿಗೆ ಸರಿಸಿದ. ಟ್ಯಾಂಕಿನ ಗೋಡೆಯ ಮೇಲೆ ಚುಕ್ಕಿ ಮೊಳೆ ಹೊಡೆದ ಹಾಗೆ ನಿಂತಿತು. ಮೂವರೂ ಒಂದು ನಿಮಿಷ ಸುಮ್ಮನೆ ಅದನ್ನೇ ನೋಡಿದೆವು.

ಆಮೇಲೆ ತಮ್ಮ ಟಾರ್ಚಿನ ಹಿಂಬದಿ ತಿರುಗಿಸಿ, ಸೆಲ್ಲು ಎರಡನ್ನೂ ತೆಗೆದು ನನ್ನ ಕೈಗಿಟ್ಟ. ಅವು ಈಗ ನನ್ನ ಮೇಜಿನ ಡ್ರಾಯರಿನಲ್ಲಿವೆ. ಹತ್ತನೇ ತರಗತಿಗೆ ಬಂದಾಗ ಕೊಡುತ್ತೇನೆ ಎಂದಿದ್ದೇನೆ. ದಿನಕ್ಕೊಮ್ಮೆಯಾದರೂ ಕೇಳುತ್ತಾನೆ.